ಏಜೆಂಟ್‌ಗೆ ಉಪಕರಣದ ವಿವರಣೆ ಹೇಗಿರಬೇಕು?

ಪ್ರಶ್ನೆ: ಕಂಟೇನರ್ ಇಮೇಜ್‌ಗಳ (ತಂತ್ರಾಂಶವನ್ನೂ ಅದಕ್ಕೆ ಬೇಕಾದುದನ್ನೂ ಒಟ್ಟಿಗೆ ಕಟ್ಟಿದ ಪೊಟ್ಟಣಗಳ) ಭದ್ರತಾ ತಪಾಸಣೆಗಾಗಿ ನಮ್ಮ ಸಂಸ್ಥೆಯಲ್ಲಿ ಟ್ರಿವಿ ಎಂಬ ದೋಷ ಹುಡುಕುವ ಸ್ಕ್ಯಾನರನ್ನು, ಉಪಕರಣಗಳನ್ನು ತಾನೇ ಆರಿಸಿ ಕೆಲಸ ಮಾಡುವ ಎಐ ಏಜೆಂಟ್‌ಗೆ ಜೋಡಿಸಿದ್ದೇವೆ. ಇಮೇಜನ್ನು ಪರೀಕ್ಷಿಸಲು ಹೇಳಿದರೂ ಅದು ಕೆಲವೊಮ್ಮೆ ಸೋರ್ಸ್ ಕೋಡ್‌ನ ಫೋಲ್ಡರನ್ನು ಪರೀಕ್ಷಿಸಿ, ‘ಸುರಕ್ಷಿತ’ ಎಂದು ವರದಿ ಕೊಡುತ್ತದೆ. ಏಜೆಂಟಿನ ಹಿಂದಿರುವ ಎಐ ಮಾದರಿಯನ್ನೇ ಬದಲಿಸಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಉಪಕರಣಗಳ ವಿವರಣೆಯನ್ನು ತಿದ್ದಿ ನೋಡಿ. ಉಪಕರಣದ ಒಳಗಿನ ಕೋಡ್ ಸಾಮಾನ್ಯವಾಗಿ ಏಜೆಂಟ್‌ಗೆ ಕಾಣುವುದಿಲ್ಲ. ಹೆಸರು, ವಿವರಣೆ ಮತ್ತು ಕೊಡಬೇಕಾದ ಮಾಹಿತಿಯ ಪಟ್ಟಿ, ಇಷ್ಟನ್ನೇ ಓದಿ ಯಾವುದನ್ನು ಬಳಸಬೇಕೆಂದು ಅದು ನಿರ್ಧರಿಸುತ್ತದೆ. ಇಮೇಜ್ ಪರೀಕ್ಷಿಸುವ ಹಾಗೂ ಫೋಲ್ಡರ್ ಪರೀಕ್ಷಿಸುವ ಎರಡು ಉಪಕರಣಗಳಿಗೂ ‘ಭದ್ರತಾ ದೋಷ ಹುಡುಕುತ್ತದೆ’ ಎಂದಷ್ಟೇ ಬರೆದಿದ್ದರೆ ಅದು ಊಹಿಸಲೇಬೇಕಾಗುತ್ತದೆ. ಬದಲಿಗೆ, ಇಮೇಜಿನ ಉಪಕರಣಕ್ಕೆ ‘ಬಿಲ್ಡ್ ಆದ ಇಮೇಜಿನಲ್ಲಿರುವ ಆಪರೇಟಿಂಗ್ ಸಿಸ್ಟಂ ಪ್ಯಾಕೇಜುಗಳನ್ನೂ ಲೈಬ್ರರಿಗಳನ್ನೂ ಪರೀಕ್ಷಿಸುತ್ತದೆ, ಸೋರ್ಸ್ ಫೋಲ್ಡರಿಗೆ ಬಳಸಬಾರದು’ ಎಂದು ಬರೆಯಿರಿ. ಇಮೇಜನ್ನು ಗುರುತಿಸಲು ಟ್ಯಾಗಿನ (ಅದಕ್ಕೆ ಇಟ್ಟ ಹೆಸರಿನ) ಬದಲು ಡೈಜೆಸ್ಟನ್ನೇ (ಒಳವಿಷಯದಿಂದಲೇ ಲೆಕ್ಕಹಾಕಿದ ಗುರುತನ್ನೇ) ಕೇಳಿ, ಏಕೆಂದರೆ ಒಂದೇ ಟ್ಯಾಗ್ ನಾಳೆ ಬೇರೊಂದು ಇಮೇಜನ್ನು ಸೂಚಿಸಬಹುದು.

ಇದೆಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು ಫಲಿತಾಂಶದ ಅರ್ಥವನ್ನು ವಿವರಣೆಯಲ್ಲೇ ಹೇಳುವುದು. ಖಾಲಿ ಪಟ್ಟಿ ಬಂದರೆ, ಸ್ಕ್ಯಾನರ್ ಗುರುತಿಸಬಲ್ಲ ಪ್ಯಾಕೇಜುಗಳಲ್ಲಿ ಈವರೆಗೆ ಗೊತ್ತಿರುವ ದೋಷ ಸಿಗಲಿಲ್ಲ ಎಂದಷ್ಟೇ ಅರ್ಥ, ಇಮೇಜ್ ಸುರಕ್ಷಿತವೆಂದಲ್ಲ. ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ಸಿವಿಇ-2021-44228 (ಸಿವಿಇ ಎಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತುಸಂಖ್ಯೆ) ದೋಷವು 2021ರ ಡಿಸೆಂಬರಿನಲ್ಲಿ ಬಹಿರಂಗವಾಯಿತು. ಅಲ್ಲಿಯವರೆಗೆ ವರ್ಷಗಟ್ಟಲೆ ಆ ಲೈಬ್ರರಿ ಇದ್ದ ಇಮೇಜುಗಳ ವರದಿಯಲ್ಲಿ ಅದರ ಸುಳಿವೇ ಇರಲಿಲ್ಲ. ತಪಾಸಣೆಯೇ ವಿಫಲವಾದಾಗ ಖಾಲಿ ಪಟ್ಟಿಯ ಬದಲು ಕಾರಣ ತಿಳಿಸುವ ಸ್ಪಷ್ಟ ದೋಷಸಂದೇಶ ಬರಲಿ. ಪರಿಹಾರ ಬಾರದ ದೋಷಗಳನ್ನು ಬಿಟ್ಟುಬಿಡುವ ಆಯ್ಕೆಯನ್ನು ನೀವು ಬಳಸುತ್ತಿದ್ದರೆ, ಅದನ್ನೂ ವಿವರಣೆಯಲ್ಲಿ ತಪ್ಪದೆ ನಮೂದಿಸಿ.