ಎಂಬಿಎಯಲ್ಲಿ ದುಡ್ಡು ಮಾಡುವುದು ಬಿಟ್ಟು ಬೇರೆ ಏನಾದರೂ ಕಲಿಸುತ್ತಾರಾ?

ಬಿಸಿನೆಸ್ ಸ್ಕೂಲ್ ಇರುವುದು ಯಾತಕ್ಕೆ, ಅಲ್ಲಿ ಮೌಲ್ಯಗಳಿಗೆ ಜಾಗ ಇದೆಯಾ ಎಂದು ಕೇಳಿದ್ದೀರಿ. ಎರಡು ವರ್ಷ ಓದಿ ಬಂದವನಾಗಿ ಹೇಳುತ್ತೇನೆ, ದುಡ್ಡು ಮಾಡುವುದನ್ನೂ ಅಲ್ಲಿ ಅಷ್ಟೇನೂ ಚೆನ್ನಾಗಿ ಕಲಿಸುವುದಿಲ್ಲ. ಅದು ಬರಬೇಕಾದರೆ ಗಲ್ಲಾದ ಮೇಲೆ ಕೂರಬೇಕು. ಬೇರೆಯವರ ದುಡ್ಡು, ಬೇರೆಯವರ ಕೆಲಸ ನಮ್ಮ ಕೈಯಲ್ಲಿದ್ದಾಗ, ಅರ್ಧಂಬರ್ಧ ಮಾಹಿತಿ ಇಟ್ಟುಕೊಂಡು ತೀರ್ಮಾನ ಮಾಡುವುದು ಹೇಗೆ? ಅಲ್ಲಿ ಸಿಗುವುದು ಅದರ ಅಭ್ಯಾಸ.

ಎಥಿಕ್ಸ್ (ನೀತಿಶಾಸ್ತ್ರ) ಅಂತ ನಮಗೂ ಒಂದು ಪೇಪರ್ ಇತ್ತು. ಊಟ ಆದ ಮೇಲಿನ ಕ್ಲಾಸು, ಅರ್ಧ ಜನ ತೂಕಡಿಸುತ್ತಿದ್ದೆವು. ನನಗೆ ಆ ಪಾಠ ಆಗಿದ್ದು ಫೈನಾನ್ಸ್ ಕ್ಲಾಸಿನಲ್ಲಿ. ನಷ್ಟದಲ್ಲಿರುವ ಕಾರ್ಖಾನೆಯನ್ನು ಮುಚ್ಚಬೇಕೋ ಬೇಡವೋ ಎನ್ನುವ ಕೇಸ್ ಸ್ಟಡಿ ಕೊಟ್ಟಿದ್ದರು. ರಾತ್ರಿಯೆಲ್ಲಾ ಕೂತು ಎಕ್ಸೆಲ್ ಶೀಟ್ ಮಾಡಿದ್ದೆವು. ಮುಂದಿನ ಹತ್ತು ವರ್ಷದ ಲಾಭ ನಷ್ಟವನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ ನೋಡಿದರೆ ಮುಚ್ಚುವುದೇ ಲಾಭ. ಮೇಷ್ಟ್ರು ಶೀಟ್ ನೋಡುತ್ತಾ ಬಂದು 14ನೇ ಸಾಲಿನ ಮೇಲೆ ಬೆರಳಿಟ್ಟರು. ಕೆಲಸ ಹೋಗುವವರಿಗೆ ಕೊಡುವ ಪರಿಹಾರವನ್ನು ಅಲ್ಲಿ 'ಒಂದು ಬಾರಿಯ ಖರ್ಚು' ಎಂದು ಬರೆದಿದ್ದೆವು.

"ಈ ಸಾಲಿನಲ್ಲಿ ಎಷ್ಟು ಜನ ಇದ್ದಾರೆ?"

ಐದು ಜನರ ಗುಂಪಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೇಸಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು, 412. "ನಿಮ್ಮ ಲೆಕ್ಕ ತಪ್ಪು ಅಂತ ಹೇಳ್ತಾ ಇಲ್ಲ. ಮುಚ್ಚಲೇಬೇಕಾಗಬಹುದು. ಆದ್ರೆ ಎಷ್ಟು ಜನ ಅಂತ ತಿಳ್ಕೊಂಡು ಮುಚ್ಚಿ" ಎಂದು ಮುಂದಿನ ಗುಂಪಿನ ಕಡೆ ಹೋದರು. ಹಂತ ಹಂತವಾಗಿ ಮುಚ್ಚಿದರೆ ಹೇಗೆ ಎಂದು ಮತ್ತೆ ಲೆಕ್ಕ ಹಾಕಿದೆವು. ಲಾಭ ಸ್ವಲ್ಪ ಕಮ್ಮಿ ಆಯಿತು, ಅಷ್ಟೇ.

ಲಾಭಕ್ಕೂ ಮೌಲ್ಯಕ್ಕೂ ನಡುವಿನ ಈ ಜಗ್ಗಾಟ ಹಳೆಯದು. ಅಮೆರಿಕದ ಬಿಸಿನೆಸ್ ಸ್ಕೂಲ್ ವಾರ್ಟನ್ ಶುರುವಾಗಿದ್ದು 1881ರಲ್ಲಿ, ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1908ರಲ್ಲಿ. ವೈದ್ಯರ, ವಕೀಲರ ಹಾಗೆ ಮ್ಯಾನೇಜರ್ ಕೆಲಸಕ್ಕೂ ಒಂದು ವೃತ್ತಿಯ ಗೌರವ ತರಬೇಕು ಎನ್ನುವ ಆಸೆ ಆ ಕಾಲದಲ್ಲಿತ್ತು. ಆದರೆ ವೈದ್ಯರು ದೊಡ್ಡ ತಪ್ಪು ಮಾಡಿದರೆ ಲೈಸೆನ್ಸ್ ಹೋಗಬಹುದು. ಮ್ಯಾನೇಜರಿಗೆ ಲೈಸೆನ್ಸೇ ಇಲ್ಲವಲ್ಲ! 1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್, ಲಾಭ ಹೆಚ್ಚಿಸುವುದೇ ಕಂಪನಿಯ ಸಾಮಾಜಿಕ ಹೊಣೆ ಎಂದು ಬರೆದರು. ಕಾನೂನು ಮತ್ತು ಸಮಾಜದ ನೀತಿ ಮೀರದೆ ಎಂಬ ಷರತ್ತನ್ನೂ ಹಾಕಿದ್ದರು. ಅವರ ಹೆಸರು ಹೇಳುವ ಜಾಸ್ತಿ ಜನ ಆ ಷರತ್ತನ್ನು ನುಂಗಿಬಿಡುತ್ತಾರೆ, ಅದು ನನಗೆ ಸಿಟ್ಟು ಬರುವ ವಿಷಯ. ಸುಳ್ಳು ಲೆಕ್ಕ ತೋರಿಸಿ 2001ರಲ್ಲಿ ಮುಳುಗಿದ ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಸಿಇಒ ಆಗಿದ್ದ ಜೆಫ್ರಿ ಸ್ಕಿಲ್ಲಿಂಗ್ ಹಾರ್ವರ್ಡ್ ಎಂಬಿಎ. 2008ರ ಆರ್ಥಿಕ ಕುಸಿತದ ನಂತರ, 2009ರಲ್ಲಿ, ಅದೇ ಹಾರ್ವರ್ಡ್‌ನ ವಿದ್ಯಾರ್ಥಿಗಳು ಪ್ರಾಮಾಣಿಕವಾಗಿ ಕೆಲಸ ಮಾಡುತ್ತೇವೆ ಎನ್ನುವ 'ಎಂಬಿಎ ಪ್ರತಿಜ್ಞೆ' ಬರೆದರು. ಒಳ್ಳೆಯದೇ. ಮುರಿದರೆ ಕೇಳುವವರು ಯಾರು ಅನ್ನೋದು ಬೇರೆ ಮಾತು.

ಹಾಗಾಗಿ ಕಾಲೇಜಿನ ಬ್ರೋಷರ್‌ನಲ್ಲಿ 'ಮೌಲ್ಯಾಧಾರಿತ ಶಿಕ್ಷಣ' ಎಂದಿದ್ದರೆ ಸುಮ್ನೆ ಪುಟ ತಿರುಗಿಸಿ. ಸೇರುವ ಮುಂಚೆ ಒಂದು ದಿನ ಕ್ಲಾಸಿನಲ್ಲಿ ಕೂರಲು ಬಿಡುತ್ತಾರಾ ಕೇಳಿ. ಬಿಟ್ಟರೆ ಎಥಿಕ್ಸ್ ಕ್ಲಾಸಿಗೆ ಹೋಗಬೇಡಿ, ಫೈನಾನ್ಸ್ ಕ್ಲಾಸಿಗೆ ಹೋಗಿ.