ಮೈಸೂರಿನ ಸಾಬು ಹಾಲಿವುಡ್‌ನಲ್ಲಿ ಯಾಕೆ ಹೆಚ್ಚು ದಿನ ಮಿಂಚಲಿಲ್ಲ?

ಮಾವುತನ ಮಗ ಸಾಬು ಅಷ್ಟು ದೊಡ್ಡ ಸ್ಟಾರ್ ಆಗಿದ್ದು ನಿಜಾನಾ, ನಿಜ ಆದ್ರೆ ಆಮೇಲೆ ಎಲ್ಲಿ ಹೋದ, ಆಕ್ಟಿಂಗ್ ಬರ್ತಿರ್ಲಿಲ್ವಾ ಅಂತ ಕೇಳಿದೀರ. ಆಕ್ಟಿಂಗ್ ಚೆನ್ನಾಗೇ ಬರ್ತಿತ್ತು ರೀ. ವಯಸ್ಸಾಗೋಯ್ತು ಅಷ್ಟೇ, ಅಂದ್ರೆ ಇಪ್ಪತ್ತು ದಾಟಿತು!

1924ರಲ್ಲಿ ಹುಟ್ಟಿದ್ದು ನಮ್ಮ ಎಚ್.ಡಿ. ಕೋಟೆ ಕಡೆ, ಕಬಿನಿ ಹತ್ರದ ಕಾರಾಪುರದಲ್ಲಿ. ಅಪ್ಪ ಮಹಾರಾಜರ ಆನೆಗಳ ಮಾವುತ. ರಾಬರ್ಟ್ ಫ್ಲಾಹರ್ಟಿ ಅನ್ನೋ ಡೈರೆಕ್ಟರ್ ‘ಎಲಿಫೆಂಟ್ ಬಾಯ್’ ತೆಗೆಯೋಕೆ ಮೈಸೂರಿಗೆ ಬಂದಾಗ ಆನೆ ಲಾಯದಲ್ಲಿದ್ದ ಈ ಹುಡುಗ ಕಣ್ಣಿಗೆ ಬಿದ್ದ. ಫ್ಲಾಹರ್ಟಿ ಕಾಡು, ಆನೆ ಅಂತ ರೀಲುಗಟ್ಟಲೆ ಶೂಟ್ ಮಾಡಿದ್ರು ಆದ್ರೆ ಪ್ರೊಡ್ಯೂಸರ್ ಅಲೆಕ್ಸಾಂಡರ್ ಕೋರ್ಡಾಗೆ ಇದ್ರಲ್ಲಿ ಕಥೆ ಎಲ್ಲಿ ಅನ್ನೋ ಚಿಂತೆ, ಹಾಗಾಗಿ ಅವರ ತಮ್ಮ ಜೋಲ್ಟಾನ್ ಕೈಲಿ ಉಳಿದ ಸೀನ್‌ಗಳನ್ನ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ತೆಗೆಸಿದ್ರು, ಸಾಬು ಸೀಮೆ ಕಂಡಿದ್ದು ಹಾಗೆ. 1937ರಲ್ಲಿ ಪಿಕ್ಚರ್ ರಿಲೀಸ್ ಆಯ್ತು, ಹುಡುಗ ಫೇಮಸ್.

ಆದ್ರೆ ಅವನ ಅಸಲಿ ಪಿಕ್ಚರ್ 1940ರ ‘ದಿ ಥೀಫ್ ಆಫ್ ಬಾಗ್ದಾದ್’. ಸಮುದ್ರದ ದಡದಲ್ಲಿ ಬಾಟ್ಲಿ ಮುಚ್ಚಳ ತೆಗೀತಾನೆ, ಬೆಟ್ಟದಷ್ಟು ಎತ್ತರದ ಜೀನಿ ಹೊರಗೆ ಬಂದು ನಿನ್ನ ಸಾಯಿಸ್ತೀನಿ ಅಂತಾನೆ. ಇಷ್ಟು ದೊಡ್ಡೋನು ಇಷ್ಟು ಚಿಕ್ಕ ಬಾಟ್ಲಿಲಿ ಹೇಗಪ್ಪಾ ಇದ್ದೆ, ನಂಬೋಕಾಗಲ್ಲ ಅಂತ ಇವನು ಪುಸಲಾಯಿಸಿ ವಾಪಸ್ ಒಳಗೆ ಕಳಿಸಿಬಿಡ್ತಾನೆ. ಆಮೇಲೆ ಮೂರು ವರ ಸಿಕ್ಕಾಗ ಮೊದಲನೇದಕ್ಕೆ ಕೇಳೋದೇನು ಗೊತ್ತಾ, ಅಮ್ಮ ಮಾಡ್ತಿದ್ದ ಥರದ ಸಾಸೇಜು! ಆ ಮುಖದಲ್ಲಿರೋ ಹಸಿವು, ತರಲೆ ಎರಡೂ ನಟನೆ ಅನ್ಸೋದೇ ಇಲ್ಲ. ಮಧ್ಯದಲ್ಲಿ ಯುದ್ಧ ಶುರುವಾಗಿ ಬಾಕಿ ಶೂಟಿಂಗ್ ಅಮೆರಿಕಕ್ಕೆ ಶಿಫ್ಟ್ ಆಯ್ತು, ಸಾಬುನೂ ಹಾಲಿವುಡ್ ಸೇರ್ಕೊಂಡ.

1942ರಲ್ಲಿ ‘ಜಂಗಲ್ ಬುಕ್’ನ ಮೊಗ್ಲಿ ಆದ. ನನ್ನ ಲೆಕ್ಕದಲ್ಲಿ ಅವನ ಒಳ್ಳೆ ಕಾಲ ಬಹುತೇಕ ಅಲ್ಲಿಗೇ ಮುಗೀತು. ಆಮೇಲೆ ಯೂನಿವರ್ಸಲ್ ಸ್ಟುಡಿಯೋದೋರು ‘ಅರೇಬಿಯನ್ ನೈಟ್ಸ್’, ‘ಕೋಬ್ರಾ ವುಮನ್’ ಅಂತ ಮಾಡಿದ್ರು, ಅದ್ರಲ್ಲಿ ಹೀರೋ ಜಾನ್ ಹಾಲ್, ಹೀರೋಯಿನ್ ಮರಿಯಾ ಮೊಂಟೆಜ್, ಇವನು ಪಕ್ಕದಲ್ಲಿ ಓಡಾಡೋ ತುಂಟ ಹುಡುಗ. ಬಿಳಿ ಹೀರೋಯಿನ್‌ಗೆ ಭಾರತದ ಹೀರೋನ ಜೋಡಿ ಮಾಡೋ ಕಾಲ ಅಲ್ಲ ಅದು, ಹುಡುಗನ ಪಾರ್ಟ್ ಮಾಡೋಕೆ ಇವನು ಹುಡುಗನಾಗಿ ಉಳೀಲಿಲ್ಲ, ಇನ್ನೇನ್ ಮಾಡ್ತಾನೆ ಹೇಳಿ?

1944ರಲ್ಲಿ ಅಮೆರಿಕದ ಸಿಟಿಜನ್ ಆಗಿ ಮಿಲಿಟರಿ ಸೇರಿ ಬಿ-24 ಬಾಂಬರ್‌ನಲ್ಲಿ ಗನ್ನರ್ ಆಗಿ ಹಾರಾಡಿದ, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಮೆಡಲ್ ಬಂತು. ವಾಪಸ್ ಬಂದ ಮೇಲೆ ಸಿಕ್ಕ ಒಂದೇ ಒಳ್ಳೆ ಪಾತ್ರ 1947ರ ‘ಬ್ಲ್ಯಾಕ್ ನಾರ್ಸಿಸಸ್’ದು, ನನ್‌ಗಳ ಹತ್ರ ಓದೋಕೆ ಬರೋ ಶೋಕಿ ಯುವರಾಜ, ಮೈತುಂಬ ಸೆಂಟು. ಪಿಕ್ಚರ್ ಹೆಸರು ಆ ಸೆಂಟಿಂದೇ. ಸೈಡ್ ರೋಲೇ ಆದ್ರೂ ಅವನು ಬಂದಾಗೆಲ್ಲ ಸೀನ್ ಹಗುರಾಗುತ್ತೆ.

ಮೆಹಬೂಬ್ ಖಾನ್ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಇವನನ್ನೇ ಕೇಳಿದ್ರು, ಅದು ಕೂಡಿ ಬರ್ಲಿಲ್ಲ, ಸುನಿಲ್ ದತ್ ಪಾಲಾಯ್ತು. 1963ರ ಡಿಸೆಂಬರ್ 2ಕ್ಕೆ ಹಾರ್ಟ್ ಅಟ್ಯಾಕ್, ಬರೀ 39 ವರ್ಷ.

ನೋಡೋದಾದ್ರೆ ‘ಥೀಫ್’ ಮೊದಲು ನೋಡಿ. ‘ಜಂಗಲ್ ಬುಕ್’ ಯೂಟ್ಯೂಬಲ್ಲಿ ಸಿಗುತ್ತೆ, ಆದ್ರೆ ಬಣ್ಣ ಮಾಸಿರೋ ಪ್ರಿಂಟ್ ನೋಡಿ ಬೈಕೋಬೇಡಿ.