ಓದುಗರ ಪ್ರಶ್ನೆ: ರಾತ್ರಿ ತೆರೆದಿಡುವ ಕಿಟಕಿಗೆ ಯಾವ ಸೆನ್ಸರ್?

ಪ್ರಶ್ನೆ: ಮುಲುಂಡ್ ಪೂರ್ವದಲ್ಲಿ, ರೈಲು ಹಳಿಗೆ ಸಮೀಪದ ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ನಮ್ಮ ಮನೆಯಿದೆ. ಕಿಟಕಿಗಳು ಅಲ್ಯೂಮಿನಿಯಂ ಸ್ಲೈಡಿಂಗ್ ಮಾದರಿಯವು. ಎರಡು ಗಾಜು, ಒಂದು ಸೊಳ್ಳೆ ಜಾಲರಿ, ಹೊರಗೆ ಕಬ್ಬಿಣದ ಗ್ರಿಲ್. ಸೆಕೆ ತಾಳಲಾರದೆ ರಾತ್ರಿ ಗಾಜನ್ನು ಸರಿಸಿ, ಜಾಲರಿ ಹಾಕಿಕೊಂಡು ಮಲಗುತ್ತೇವೆ. ಕಳೆದ ತಿಂಗಳು ಕೆಳಗಿನ ಮನೆಯ ಕಿಟಕಿಯಲ್ಲಿ ಯಾರೋ ಕೋಲು ತೂರಿಸಿ ಮೊಬೈಲ್ ಎಳೆದುಕೊಂಡು ಹೋದರು. ನಮಗೆ ಅಯಸ್ಕಾಂತದ ಸೆನ್ಸರ್ ಸಾಕೇ, ಗಾಜು ಒಡೆದರೆ ಕೂಗುವಂಥದ್ದೂ ಬೇಕೇ?

ಉತ್ತರ: ಅಂಗಡಿಗೆ ಹೋಗುವ ಮೊದಲೇ, ಮನೆಯವರೆಲ್ಲ ಮಲಗಿರುವ ಹೊತ್ತಿನಲ್ಲಿ ಯಾವ ಕಿಟಕಿ ಮುಚ್ಚಿರುತ್ತದೆ, ಯಾವುದು ತೆರೆದಿರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸೆನ್ಸರ್ ಮಾರುವವರು ಮುಚ್ಚಿದ ಕಿಟಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಾರೆ. ಮುಂಬಯಿಯ ಮನೆಗಳಲ್ಲಿ ಜನ ಗಾಳಿಗಾಗಿ ಕಿಟಕಿ ತೆರೆದೇ ಮಲಗುತ್ತಾರೆ. ತಪ್ಪು ಆಯ್ಕೆಗಳು ಹುಟ್ಟುವುದು ಇಲ್ಲಿಂದಲೇ.

ಅಯಸ್ಕಾಂತದ ಸೆನ್ಸರಿನೊಳಗೆ ಇರುವುದು ರೀಡ್ ಸ್ವಿಚ್: ಬೆರಳ ತುದಿಯಷ್ಟು ಉದ್ದದ ಗಾಜಿನ ನಳಿಗೆ, ಅದರಲ್ಲಿ ಒಂದಕ್ಕೊಂದು ಎದುರಾಗಿ ನಿಂತ ಎರಡು ತೆಳು ಲೋಹದ ಪಟ್ಟಿಗಳು. ಅಯಸ್ಕಾಂತ ಹತ್ತಿರವಿರುವವರೆಗೂ ಪಟ್ಟಿಗಳು ಕೂಡಿಕೊಂಡಿರುತ್ತವೆ, ದೂರವಾದೊಡನೆ ಬೇರ್ಪಡುತ್ತವೆ. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್ ರೂಪಿಸಿದ ಈ ಸರಳ ಸಾಧನ ಇಂದಿಗೂ ಅಲಾರಂಗಳಲ್ಲಿ ಅತ್ಯಂತ ನಂಬಿಕೆಗೆ ಅರ್ಹವಾದದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ತಿಳಿಯುವುದು ಪಲ್ಲೆ, ಅಂದರೆ ಕಿಟಕಿಯ ಕದ, ಸರಿದಿದೆಯೋ ಇಲ್ಲವೋ ಎಂಬುದಷ್ಟೇ. ನೀವಾಗಿಯೇ ಸರಿಸಿಟ್ಟ ಗಾಜಿಗೆ ಅಂಟಿಸಿದರೆ ರಾತ್ರಿಯಿಡೀ ಅದರಿಂದ ಪ್ರಯೋಜನವಿಲ್ಲ. ಎಷ್ಟೋ ಮನೆಗಳಲ್ಲಿ ಆ ಕಿಟಕಿಯನ್ನು ಅಲಾರಂನಿಂದಲೇ ಕೈಬಿಟ್ಟು ಮಲಗುತ್ತಾರೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಅಯಸ್ಕಾಂತವನ್ನು ಗಾಜಿಗಲ್ಲ, ಜಾಲರಿಯ ಪಲ್ಲೆಗೆ ಹಾಕಿಸಿ. ಕೋಲು ತೂರಿಸುವವನು ಮೊದಲು ಜಾಲರಿಯನ್ನು ಸರಿಸಲೇಬೇಕು. ಸರಿಸಿದ ಕ್ಷಣಕ್ಕೆ ಸೈರನ್ ಕೂಗುತ್ತದೆ. ಜಾಲರಿಯ ಪಲ್ಲೆ ಹಗುರ, ಗಾಳಿಗೆ ಅಲುಗಾಡುತ್ತದೆ. ಸೆನ್ಸರ್ ಮತ್ತು ಅಯಸ್ಕಾಂತದ ನಡುವೆ ತಾಳುವ ಅಂತರ ತುಂಬ ಕಡಿಮೆಯಾಗಿದ್ದರೆ ಸುಳ್ಳು ಅಲಾರಂ ಬರುತ್ತದೆ. ಸಾಮಾನ್ಯ ಸೆನ್ಸರುಗಳು 15ರಿಂದ 20 ಮಿಲಿಮೀಟರ್ ಅಂತರವನ್ನು ತಾಳಿಕೊಳ್ಳುತ್ತವೆ. ಮೊದಲು ಟೇಪಿನಿಂದ ಅಂಟಿಸಿ, ಪಲ್ಲೆಯನ್ನು ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ಸ್ಕ್ರೂ ಹಾಕಿಸಿ. ಜಾಲರಿಯಿಲ್ಲದ ಕಿಟಕಿಯಾದರೆ ಇನ್ನೊಂದು ದಾರಿಯಿದೆ: ಸೆನ್ಸರನ್ನು ಮೇಲಿನ ಚೌಕಟ್ಟಿಗೆ ಕೂರಿಸಿ, ಗಾಜಿನ ಪಲ್ಲೆಯ ಮೇಲಂಚಿನಲ್ಲಿ ನಾಲ್ಕು ಇಂಚು ಅಂತರದಲ್ಲಿ ಎರಡು ಅಯಸ್ಕಾಂತಗಳನ್ನಿಟ್ಟರೆ, ಕಿಟಕಿ ಪೂರ್ತಿ ಮುಚ್ಚಿದಾಗಲೂ ನಾಲ್ಕು ಇಂಚು ತೆರೆದಾಗಲೂ ಅಲಾರಂ ಸುಮ್ಮನಿರುತ್ತದೆ, ಅದಕ್ಕಿಂತ ಹೆಚ್ಚು ಸರಿಸಿದರೆ ಕೂಗುತ್ತದೆ.

ಜಾಲರಿಯನ್ನು ಬ್ಲೇಡಿನಿಂದ ಕೊಯ್ದರೆ ಏನು ಗತಿ ಎಂದು ನೀವು ಕೇಳಬಹುದು. ಅದಕ್ಕಾಗಿಯೇ ಮೈಬಿಸಿಯನ್ನು ಗುರುತಿಸುವ ಕರ್ಟನ್ ಪಿಐಆರ್ ಎಂಬ ಸೆನ್ಸರ್ ಇದೆ. ಕಿಟಕಿಯ ನೆತ್ತಿಯಲ್ಲಿ ಕೂತು, ಪರದೆ ಇಳಿಬಿಟ್ಟಂತೆ ತೆಳುವಾದ ಒಂದು ಪಟ್ಟಿಯನ್ನು ಮಾತ್ರ ಅದು ಗಮನಿಸುತ್ತದೆ. ಮೈಬಿಸಿಯುಳ್ಳ ಕೈ ಅಡ್ಡ ಬಂದರೆ ಕೂಗುತ್ತದೆ. ಕೋಲಿಗೆ ಮೈಬಿಸಿಯಿಲ್ಲವಾದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ, ಜಾಲರಿಯ ಸೆನ್ಸರಿಗೆ ಜೊತೆಯಾಗಿ ಹಾಕಿಸಬೇಕು. ಮಂಚ ಕಿಟಕಿಗೆ ತಾಗಿದ್ದರೆ ನಿದ್ದೆಯಲ್ಲಿ ಚಾಚಿದ ನಿಮ್ಮ ಕೈಯನ್ನೇ ಅದು ಹಿಡಿದೀತು; ಮಂಚವನ್ನು ಸ್ವಲ್ಪ ಈಚೆಗೆ ಸರಿಸಿ. ಅದರ ಮುಖದ ಮೇಲೆ ಹಲ್ಲಿ ಹರಿದರೂ ಅಲಾರಂ ಆಗುವುದುಂಟು.

ಗಾಜು ಒಡೆಯುವ ಸದ್ದಿನ ಸೆನ್ಸರ್ ಮೊದಲು ಗಾಜಿಗೆ ಬೀಳುವ ಪೆಟ್ಟಿನ ಮಂದ ಸದ್ದನ್ನೂ, ಅದರ ಹಿಂದೆಯೇ ಚೂರುಗಳು ಸಿಡಿಯುವ ಕೀರಲು ಸದ್ದನ್ನೂ ಒಟ್ಟಿಗೆ ಗುರುತಿಸುತ್ತದೆ. ಏಸಿ ಹಾಕಿ ಮುಚ್ಚಿಡುವ ಕೋಣೆಗೆ ಅದು ಒಳ್ಳೆಯದು. ತೆರೆದ ಕಿಟಕಿಯ ಗಾಜನ್ನು ಯಾವ ಕಳ್ಳನೂ ಒಡೆಯುವುದಿಲ್ಲ. ನಿಮಗೆ ಆ ಖರ್ಚು ಬೇಡ.

ಆ ಹಣವನ್ನು ಗ್ರಿಲ್ಲಿಗೆ ಹಾಕಿ. ಕಳ್ಳ ಗ್ರಿಲ್ಲನ್ನು ಕೊಯ್ಯುವಾಗ ಅಥವಾ ಬಗ್ಗಿಸುವಾಗಲೇ, ಅಂದರೆ ಅವನಿನ್ನೂ ಹೊರಗಿರುವಾಗಲೇ, ಕಂಪನದ ಸೆನ್ಸರ್ ನಿಮ್ಮನ್ನು ಎಬ್ಬಿಸುತ್ತದೆ. ಮಲಗಿರುವವರಿಗೆ ಬೇಕಾದದ್ದು ಇದೇ. ಎಲ್ಲ ಕಿಟಕಿಗೂ ಬೇಡ. ನೀರಿನ ಪೈಪ್ ಹಾದುಹೋಗಿರುವ ಹಿಂಬದಿಯ ಕಿಟಕಿಗೆ ಹಾಕಿಸಿದರೆ ಸಾಕು. ಆದರೆ ನಿಮ್ಮ ಮನೆ ಹಳಿಯ ಪಕ್ಕದಲ್ಲಿದೆ. ಒಂದೇ ಅದುರಿಗೆ ಕೂಗದೆ, ಕೆಲವು ಸೆಕೆಂಡುಗಳಲ್ಲಿ ಮೂರು ನಾಲ್ಕು ಪೆಟ್ಟು ಬಿದ್ದರೆ ಮಾತ್ರ ಕೂಗುವಂತೆ ಹೊಂದಿಸಬಹುದಾದ ಮಾದರಿಯನ್ನೇ ಆರಿಸಿ, ಮೊದಲ ವಾರ ಸೈರನ್ ಜೋಡಿಸದೆ, ಲೋಕಲ್ ರೈಲುಗಳು ಹಾದುಹೋಗುವಾಗ ಅದರ ದೀಪ ಮಿನುಗುತ್ತದೆಯೇ ಎಂದು ಗಮನಿಸಿ. ಮಳೆಗೆ ಒಡ್ಡಿಕೊಳ್ಳುವ ಜಾಗವಾದ್ದರಿಂದ ನೀರು ಹೋಗದಂತೆ ಮುಚ್ಚಿದ ಕವಚ ಇರಬೇಕು. ಬೆಂಕಿ ಬಿದ್ದರೆ ಹೊರಬರಲೆಂದು ಗ್ರಿಲ್ಲಿನಲ್ಲಿ ಚಿಕ್ಕ ಬಾಗಿಲು ಇದ್ದರೆ ಅದಕ್ಕೂ ಒಂದು ಅಯಸ್ಕಾಂತದ ಸೆನ್ಸರ್ ಹಾಕಿಸಿ. ಅಲಾರಂ ಇದೆಯೆಂದು ಆ ಬಾಗಿಲನ್ನು ಬೆಸುಗೆ ಹಾಕಿ ಮುಚ್ಚಿಸಬೇಡಿ.

ರಾತ್ರಿ ಅಲಾರಂ ಅನ್ನು ಸ್ಟೇ ಮೋಡಿನಲ್ಲಿಡಿ. ಆಗ ಬಾಗಿಲು ಕಿಟಕಿಗಳು ಮಾತ್ರ ಎಚ್ಚರವಾಗಿರುತ್ತವೆ, ನೀರು ಕುಡಿಯಲು ಎದ್ದವರಿಂದ ಸೈರನ್ ಆಗುವುದಿಲ್ಲ. ಮುಂಬಾಗಿಲು ತೆರೆದ ಮೇಲೆ ಸೈರನ್ ಕೂಗುವ ಮುನ್ನ ಅರ್ಧ ನಿಮಿಷದ ಬಿಡುವು ಇರಲಿ, ಕಿಟಕಿಗಳಿಗೆ ಬಿಡುವೇ ಬೇಡ.

ಪ್ರಶ್ನೆ: ಮಡಗಾಂವಿನ ನಮ್ಮ ಹಳೆಯ ಮನೆಯಲ್ಲಿ ಮರದ ಕಿಟಕಿಗಳಿವೆ. ಬೇಸಿಗೆಯಲ್ಲಿ ಸರಿಯಾಗಿದ್ದ ಅಲಾರಂ ಮಳೆಗಾಲದ ರಾತ್ರಿಗಳಲ್ಲಿ ಸುಮ್ಮಸುಮ್ಮನೆ ಕೂಗುತ್ತದೆ. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಸೆನ್ಸರಿಗಿಂತ ಮೊದಲು ಮರವನ್ನು ನೋಡಿ. ತೇವ ಹೀರಿ ಉಬ್ಬಿದ ಪಲ್ಲೆ ಚೌಕಟ್ಟಿನಲ್ಲಿ ಪೂರ್ತಿ ಕೂರುವುದಿಲ್ಲ, ಅಗಳಿ ಸರಿಯಾಗಿ ಬೀಳುವುದಿಲ್ಲ, ಗಾಳಿ ಬಂದಾಗ ಅಯಸ್ಕಾಂತ ಅಂಚಿನಲ್ಲಿ ಹಿಂದೆ ಮುಂದೆ ಆಡುತ್ತದೆ. ಬಡಗಿಯನ್ನು ಕರೆಸಿ ಪಲ್ಲೆಯ ಅಂಚನ್ನು ಹೆರೆಸಿ, ಅಗಳಿ ಬಿಗಿ ಮಾಡಿಸಿ. ಹೆಚ್ಚು ಅಂತರ ತಾಳುವ ದೊಡ್ಡ ಅಯಸ್ಕಾಂತವಿರುವ ಮಾದರಿಯೂ ಸಿಗುತ್ತದೆ, ಆದರೆ ಅಂತರ ಬಹಳ ದೊಡ್ಡದಾದರೆ ಕಿಟಕಿ ಅಷ್ಟು ತೆರೆಯುವವರೆಗೂ ಅದು ಸುಮ್ಮನಿರುತ್ತದೆ ಎಂಬುದು ನೆನಪಿರಲಿ. ಕಬ್ಬಿಣದ ಸರಳಿಗೆ ತೀರ ಹತ್ತಿರ ಅಯಸ್ಕಾಂತ ಕೂರಿಸಿದರೆ ಅದರ ಬಲ ಆ ಕಬ್ಬಿಣಕ್ಕೇ ಹರಿದುಹೋಗುತ್ತದೆ. ಇದಲ್ಲದೆ, ಕಡಲ ಉಪ್ಪುಗಾಳಿಗೆ ಬ್ಯಾಟರಿ ಕೂರುವ ತಗಡಿನ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಮಳೆಗಾಲಕ್ಕೆ ಮುಂಚೆ ಮುಚ್ಚಳ ತೆಗೆದು ಒರೆಸಿಡಿ.

ಪ್ರಶ್ನೆ: ಪುಣೆಯ ಕೋಥ್ರೂಡಿನ ನಮ್ಮ ಮನೆಗೆ ಅಗ್ಗದ ವೈರ್‌ಲೆಸ್ ಸೆನ್ಸರುಗಳನ್ನು ಹಾಕಿದ್ದೇವೆ. ಮೊಬೈಲಿನಲ್ಲಿ ಎಲ್ಲ ಕಿಟಕಿಯೂ ಸದಾ ಮುಚ್ಚಿದೆ ಎಂದೇ ತೋರಿಸುತ್ತದೆ. ನಂಬಬಹುದೇ?

ಉತ್ತರ: ಇಂದೇ ಒಂದು ಸೆನ್ಸರಿನ ಬ್ಯಾಟರಿ ತೆಗೆದಿಟ್ಟು ನೋಡಿ. ನಾಳೆಯವರೆಗೂ ಪ್ಯಾನೆಲ್, ಅಂದರೆ ಸೆನ್ಸರುಗಳ ಸಂಕೇತ ಪಡೆಯುವ ಅಲಾರಂ ಪೆಟ್ಟಿಗೆ, ಯಾವ ದೂರನ್ನೂ ಹೇಳದಿದ್ದರೆ, ಅದು ಕಿಟಕಿ ತೆರೆದಾಗ ಮಾತ್ರ ಸಂಕೇತ ಕಳಿಸುವ ಮಾದರಿ. ಬ್ಯಾಟರಿ ಸತ್ತರೂ ಕಿಟಕಿ ಮುಚ್ಚಿದಂತೆಯೇ ಕಾಣುತ್ತದೆ. ಆಗಾಗ ತಾನಿದ್ದೇನೆಂದು ಪ್ಯಾನೆಲ್ಲಿಗೆ ತಿಳಿಸುತ್ತಿರುವ ಸೆನ್ಸರುಗಳಿಗೆ ಬದಲಾಯಿಸಿಕೊಳ್ಳಿ. ಎಲ್ಲವನ್ನೂ ಒಮ್ಮೆಲೇ ಬದಲಿಸಲಾಗದಿದ್ದರೆ ಮಲಗುವ ಕೋಣೆಯ ಕಿಟಕಿಯಿಂದ ಆರಂಭಿಸಿ, ಉಳಿದವನ್ನು ತಿಂಗಳಿಗೊಮ್ಮೆ ಒಂದೊಂದಾಗಿ ತೆರೆದು ಸೈರನ್ ಕೂಗುತ್ತದೆಯೇ ಎಂದು ಪರೀಕ್ಷಿಸಿ. ಪ್ಯಾನೆಲ್ಲಿಗೆ ಸ್ವಂತ ಬ್ಯಾಟರಿಯೂ ಸಿಮ್ ಕಾರ್ಡೂ ಇವೆಯೇ ಎಂದು ನೋಡಿಕೊಳ್ಳಿ; ಕರೆಂಟು ಹೋದರೆ ವೈಫೈ ರೂಟರ್ ನಿಲ್ಲುತ್ತದೆ, ಮೊಬೈಲಿಗೆ ಸುದ್ದಿ ಬರುವುದೂ ನಿಲ್ಲುತ್ತದೆ.